ಕಾಯುವವರ ಯುದ್ಧ

ಚಿತ್ತಾಕುಲದಿಂದ ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಬಂದರೆ ಕಡಲತಡಿಯಲ್ಲಿ ‘ಐಎನ್‌ಎಸ್ ಚಪಲ್’ ನಿಂತಿದೆ. ನಿವೃತ್ತ ಯುದ್ಧನೌಕೆ. ಈಚೆಗೆ ಅದರ ಜೊತೆಗೆ ನೌಕಾಪಡೆಯ ಟುಪೊಲೆವ್ ವಿಮಾನವೂ ಸೇರಿಕೊಂಡಿದೆ. ಮಕ್ಕಳ ಕಣ್ಣು ಕ್ಷಿಪಣಿಯ ಮೇಲೆ. ದೊಡ್ಡವರು, ಅದರಲ್ಲೂ ಹೆಂಗಸರು, ಮಲಗುವ ಜಾಗ ನೋಡಿ ‘ಇಷ್ಟರಲ್ಲೇ ಹೇಗೆ ಇರ್ತಿದ್ರೋ!’ ಎನ್ನುತ್ತಾರೆ. ಹಡಗಿಗೆ ಹೋದವರು ತಿಂಗಳುಗಟ್ಟಲೆ ಬಾರದಿರುವುದು ಈ ಕರಾವಳಿಗೆ ಹೊಸತಲ್ಲ.

ಯುದ್ಧವಿಮಾನ ಹಾರಿಸುವವನ ಅಗಲಿಕೆ ಬೇರೆ ಬಗೆಯದು. ಅವನು ಹೋಗುವುದು ತಿಂಗಳ ಲೆಕ್ಕದಲ್ಲಲ್ಲ, ನಿಮಿಷದ ಲೆಕ್ಕದಲ್ಲಿ. ನಸುಕಿನಲ್ಲಿ ಚಹಾ ಕುಡಿದು ಹೊರಟವನು ತಿಂಡಿಯ ಹೊತ್ತಿಗೆ ಮರಳಬೇಕು. ಉಳಿದ ಹೊತ್ತೆಲ್ಲ ಕಾಯುವುದೇ ಕೆಲಸ. ದೀಪ ಆರಿಸಿದ ನೆಲೆಯಲ್ಲಿ ಹಾರಾಟದ ಉಡುಪು ತೊಟ್ಟು ಕೂರಬೇಕು, ಹವಾಮಾನದ ವರದಿ ಕೇಳಬೇಕು, ಕರೆ ಬಾರದಿದ್ದರೆ ಇಸ್ಪೀಟು ಕಲಸಬೇಕು. ಹೆಂಡತಿಗೆ ಕಾಗದ ಬರೆಯಬಹುದು, ಆದರೆ ಕೆಲಸದ ಸುದ್ದಿ ಬರೆಯುವಂತಿಲ್ಲ. ಅದನ್ನು ತೆಗೆದರೆ ಕಾಗದದಲ್ಲಿ ಉಳಿಯುವುದು ಮಕ್ಕಳ ಕೆಮ್ಮು, ಮನೆ ಬಾಡಿಗೆ, ‘ನಾನು ಕ್ಷೇಮ’ ಎಂಬ ಒಂದು ಸಾಲು. ಆ ಸಾಲು ಕೂಡ ಬರೆದ ದಿನಕ್ಕೆ ನಿಜ, ತಲುಪಿದ ದಿನಕ್ಕಲ್ಲ.

1965ರ ಸೆಪ್ಟೆಂಬರ್ 7. ಜಲಂಧರ ಬಳಿಯ ಆದಂಪುರ ನೆಲೆಯಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅಂದು ಮೀಸಲು ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಹೋಗಬೇಕು. ಕಾಯುವವರಲ್ಲೇ ಕಾಯುವವರು! ಅವರ ಸರದಿ ಬಂತು.

ಸರಗೋಧಾ ಅಲ್ಲಿಂದ ನೇರದಾರಿಯಲ್ಲಿ ಸುಮಾರು 300 ಕಿ.ಮೀ. ಕಾರವಾರದಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವ ದೂರಕ್ಕಿಂತ ತುಸು ಹೆಚ್ಚು. ನಮಗೆ ಅದು ಅರ್ಧ ಹಗಲು, ಜೆಟ್ಟಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ರೇಡಾರಿನ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುವುದರಿಂದ, ಭೂಮಿಯ ಬಾಗು ಮರೆಮಾಡುವಷ್ಟು ತಗ್ಗಿನಲ್ಲಿ ಹಾರಿದರೆ ಶತ್ರುವಿಗೆ ಬೇಗ ಕಾಣುವುದಿಲ್ಲ. ಆದರೆ ತಗ್ಗಿನಲ್ಲಿ ಗಾಳಿ ದಟ್ಟ, ಎಳೆತ ಹೆಚ್ಚು, ಇಂಧನ ಬೇಗ ಮುಗಿಯುತ್ತದೆ. ಗುರಿಯ ಮೇಲೆ ಸಿಗುವುದು ಕೆಲವೇ ನಿಮಿಷ. ಹಿಂದುಳಿದ ಗೆಳೆಯನಿಗಾಗಿ ಸುತ್ತುಹಾಕುತ್ತ ನಿಲ್ಲುವಂತಿಲ್ಲ. ಅದರಲ್ಲಿ ಯಾರ ನಿರ್ದಯೆಯೂ ಇಲ್ಲ, ಟ್ಯಾಂಕಿನ ಲೆಕ್ಕವೇ ಹಾಗೆ. ಆಕಾಶದಲ್ಲಿ ಕಾಯಲಾಗದು, ಕಾಯುವುದೇನಿದ್ದರೂ ನೆಲದ ಮೇಲೆ.

ದೇವಯ್ಯನವರನ್ನು ಎದುರಿಸಿದ್ದು ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ಮಿಸ್ಟೇರ್‌ಗೆ ಅದರ ಅರ್ಧ ವೇಗವಷ್ಟೆ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಕಾದಿದರು. ಸ್ಟಾರ್‌ಫೈಟರ್ ಉರುಳಿತು, ಅದರ ಪೈಲಟ್ ಅಮ್ಜದ್ ಹುಸೇನ್ ಧುಮುಕಿ ಬದುಕಿಕೊಂಡ. ದೇವಯ್ಯ ಮರಳಲಿಲ್ಲ. ಜೊತೆಗಾರರಿಗೆ ಈ ಕಾಳಗದ ಸುಳಿವೇ ಇರಲಿಲ್ಲ. ಅವರು ಹೇಗೆ ಹೋದರೆಂದು ಹೇಳಬಲ್ಲವರು ನಮ್ಮ ಕಡೆ ಯಾರೂ ಉಳಿದಿರಲಿಲ್ಲ.

ಸೆಪ್ಟೆಂಬರ್ 23ಕ್ಕೆ ಕದನವಿರಾಮವಾಯಿತು. ಪೈಲಟ್‌ಗಳ ಮನೆಗಳಲ್ಲಿ ಮತ್ತೆ ತಿಂಡಿ ಹೊತ್ತಿಗೆ ಸರಿಯಾಗಿ ತಯಾರಾಗತೊಡಗಿರಬೇಕು. ಪತ್ನಿ ಸುಂದರಿ ದೇವಯ್ಯನವರ ಪಾಲಿಗೆ ಮಾತ್ರ ಆ ಬೆಳಗಿನ ಕತೆ ಅರ್ಧಕ್ಕೇ ನಿಂತಿತು. ಉಳಿದರ್ಧ ಬಂದದ್ದು 1979ರಲ್ಲಿ, ಅದೂ ಶತ್ರುವಿನ ಕಡೆಯಿಂದ. ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಬರೆದ ಪುಸ್ತಕದಲ್ಲಿ, ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಎಂದಿತ್ತು. ಅಂದು ಮರಳದ ಮಿಸ್ಟೇರ್ ಯಾರದೆಂದು ವಾಯುಪಡೆ ತಾಳೆ ನೋಡಿದಾಗ ಹೆಸರು ಸಿಕ್ಕಿತು.

ಅಷ್ಟು ತಿಳಿದ ಮೇಲೂ ಒಂಬತ್ತು ವರ್ಷ ಹಿಡಿಯಿತು. ಕಡತಗಳಿಗೆ ಇಂಧನ ಮುಗಿಯುವ ಭಯವಿಲ್ಲವಲ್ಲ! 1988ರಲ್ಲಿ, ಆ ಬೆಳಗಿನ 23 ವರ್ಷಗಳ ನಂತರ, ಗಂಡನ ಮಹಾವೀರ ಚಕ್ರವನ್ನು ಸುಂದರಿ ದೇವಯ್ಯ ಕೈಗೆತ್ತಿಕೊಂಡರು.