ಬದುಕಿ ಬಂದವರಿಗೆ ಬಣ್ಣ ಬಳಿಯಬೇಡಿ

ಎರಡನೇ ಮಹಾಯುದ್ಧ ಮುಗಿದು 80 ವರ್ಷವಾಯಿತೆಂದು ನಮ್ಮ ಪತ್ರಿಕೆಗಳೂ ವಿಶೇಷ ಪುರವಣಿ ತಂದವು. ಹಿಟ್ಲರ್ ಇದ್ದ, ಚರ್ಚಿಲ್ ಇದ್ದ, ಹಿರೋಶಿಮಾ ಇತ್ತು. 1942ರಲ್ಲಿ ಬರ್ಮಾದಿಂದ ಕಾಡುಮೇಡು ದಾಟಿ ಬಂದ ಲಕ್ಷಾಂತರ ಭಾರತೀಯರಿಗೆ ಮಾತ್ರ ಒಂದು ಕಾಲಂ ಜಾಗವೂ ಸಿಗಲಿಲ್ಲ. ಯುದ್ಧ ನಮ್ಮ ಅಂಗಳಕ್ಕೆ ಬರಲೇ ಇಲ್ಲ, ಹಾಗಾಗಿ ಕನ್ನಡದಲ್ಲಿ ಯುದ್ಧಸಾಹಿತ್ಯವಿಲ್ಲ ಎಂಬ ಹಳೆಯ ಪಲ್ಲವಿಯನ್ನು ಮತ್ತೆ ಹಾಡಿದವರೂ ಇದ್ದಾರೆ. ಇದು ಶುದ್ಧ ಸೋಮಾರಿತನ. ಬೆಂಗಳೂರಿನ ವಿಮಾನ ಕಾರ್ಖಾನೆ ಹುಟ್ಟಿದ್ದೇ ಯುದ್ಧದ ನಡುವೆ, 1940ರಲ್ಲಿ. ಇಟಲಿಯ ಯುದ್ಧಕೈದಿಗಳನ್ನು ತಂದು ಇದೇ ಊರಿನ ಶಿಬಿರಗಳಲ್ಲಿ ಇಟ್ಟಿದ್ದರು.

1941ರ ಡಿಸೆಂಬರ್ 23ರಂದು ಬರ್ಮಾದ ರಂಗೂನಿನ ಮೇಲೆ ಜಪಾನಿನ ಬಾಂಬು ಬಿತ್ತು. ಮಾರ್ಚಿ ಹೊತ್ತಿಗೆ ಊರೇ ಕೈಬಿಟ್ಟಿತು. ಕೈಯಲ್ಲಿ ಕಾಸಿದ್ದವರಿಗೆ ಹಡಗು ಸಿಕ್ಕಿತು. ಕೂಲಿಗಳು, ಗುಮಾಸ್ತರು, ಎಳೆಗೂಸಿನ ತಾಯಂದಿರು ಗಡಿಯ ತಮು ದಾಟಿ ಮಣಿಪುರಕ್ಕೆ, ಹುಕಾಂಗ್ ಕಣಿವೆ ಹಾದು ಅಸ್ಸಾಮಿಗೆ ನಡೆದರು. ಕಾಲರಾ, ಮಲೇರಿಯಾ, ಹಸಿವು ಸಾವಿರಾರು ಜನರನ್ನು ದಾರಿಯಲ್ಲೇ ಮುಗಿಸಿದವು. ಬಿಳಿಯರಿಗೊಂದು ದಾರಿ, ಭಾರತೀಯರಿಗೊಂದು ದಾರಿ ಎಂಬ ತಾರತಮ್ಯವನ್ನು ರಾಜಕೀಯ ನಾಯಕ ಹೃದಯನಾಥ ಕುಂಜ್ರು ಅವರಂಥವರು ಆಗಲೇ ಖಂಡಿಸಿದ್ದರು.

ನಟಿ ಹೆಲೆನ್ ಬಾಲ್ಯದಲ್ಲಿ ಹೀಗೇ ನಡೆದು ಬಂದವರು. ಬಸುರಿ ತಾಯಿಗೆ ದಾರಿಯಲ್ಲೇ ಗರ್ಭಪಾತವಾಯಿತು. ದಿಬ್ರುಗಢ ಮುಟ್ಟುವಾಗ ತಾಯಿ ಮಗಳ ಮೈಯಲ್ಲಿ ಉಳಿದಿದ್ದು ಮೂಳೆ ತೊಗಲು. ಹೊರಟಾಗಿನ ಗುಂಪು ಅರ್ಧಕ್ಕೆ ಇಳಿದಿತ್ತು. ಕಾಯಿಲೆ ಬಿದ್ದವರನ್ನು ಬಿಟ್ಟು ಉಳಿದವರು ಮುಂದೆ ನಡೆದಿದ್ದರು. ಇದನ್ನೆಲ್ಲ ಹೇಳಿದವರು ಹೆಲೆನ್ ಅವರೇ. ಅವರ ಕುಣಿತದ ಬಗ್ಗೆ ಪುಟಗಟ್ಟಲೆ ಬರೆದ ನಮ್ಮ ಸಿನಿಮಾ ಪತ್ರಿಕೆಗಳಿಗೆ ಈ ನಡಿಗೆ ಕಾಣಲಿಲ್ಲ.

ಅಮಿತಾವ್ ಘೋಷ್ ತಮ್ಮ ತಂದೆ ಮತ್ತು ಬರ್ಮಾದಲ್ಲಿದ್ದ ಬಂಧುವಿನ ನೆನಪುಗಳ ಬೆನ್ನು ಹಿಡಿದು 'ದಿ ಗ್ಲಾಸ್ ಪ್ಯಾಲೇಸ್' ಕಾದಂಬರಿ ಬರೆದರು. ಅದರಲ್ಲಿ ಬರುವ ಬರ್ಮಾದ ನಡಿಗೆಯಲ್ಲಿ ಎಳೆಗೂಸು ಉಳಿಯುತ್ತದೆ, ತಾಯಿ ಉಳಿಯುವುದಿಲ್ಲ. ಆ ಕೂಸೇ ದೊಡ್ಡವಳಾಗಿ ಮನೆತನದ ಕತೆ ಹುಡುಕಿ ಬರ್ಮಾಕ್ಕೆ ಹೋಗುತ್ತಾಳೆ. ಯುದ್ಧದಿಂದ ಮರಳದ ತಮ್ಮ ಕೊಡಗಿನ ತಾತನನ್ನೂ ಅವರ ಭಾವಂದಿರನ್ನೂ ಹುಡುಕಿ ರಘು ಕಾರ್ನಾಡ್ ಬರೆದ 'ಫಾರ್ದೆಸ್ಟ್ ಫೀಲ್ಡ್' 2015ರಲ್ಲಿ ಬಂತು, ಇಂಗ್ಲಿಷಿನಲ್ಲಿ. ನಮ್ಮ ಮನೆಯ ಕತೆಯನ್ನು ನಾವು ಕೇಳದಿದ್ದರೆ ಅದು ಬೇರೆ ಭಾಷೆಯಲ್ಲಿ ಹುಟ್ಟುತ್ತದೆ. ಅದಕ್ಕೆ ಆ ಲೇಖಕರನ್ನು ದೂರುವ ಹಕ್ಕು ನಮಗಿಲ್ಲ.

ನಮ್ಮಲ್ಲಿ ಆತ್ಮಕಥೆಗಳಿಗೇನು ಬರವೇ? ಸನ್ಮಾನ, ಶಾಲು, ಹಾರ, ಅಧ್ಯಕ್ಷ ಭಾಷಣಗಳಿಗೆ ನೂರು ಪುಟ. ಯುದ್ಧಕಾಲದ ರೇಷನ್ನಿಗೆ, ಊರು ಬಿಟ್ಟ ರಾತ್ರಿಗೆ ಅರ್ಧ ಪ್ಯಾರಾ. ಮೊಮ್ಮಕ್ಕಳು ಬರೆದರೂ ಅಜ್ಜನನ್ನು ವೀರನನ್ನಾಗಿ ಮಾಡಿಬಿಡುತ್ತಾರೆ. ಬದುಕಿ ಉಳಿದಿದ್ದೇ ಶೌರ್ಯವೆಂದರೆ, ದಾರಿಯಲ್ಲಿ ಸತ್ತವರು ಹೇಡಿಗಳಾಗಿದ್ದರೇ? ಎಷ್ಟೋ ಜನ ಉಳಿದದ್ದು ಒಂದು ಟಿಕೆಟ್ಟಿನಿಂದ, ಪರಿಚಯದ ಅಧಿಕಾರಿಯಿಂದ, ಯಾರೋ ಕೊಟ್ಟ ಒಂದು ಹಿಡಿ ಅಕ್ಕಿಯಿಂದ. ಆ ಅಕ್ಕಿ ಕೊಟ್ಟವರು ಯಾರು, ಹಿಂದೆ ಉಳಿದವರು ಯಾರು ಎಂದು ಕೇಳದ ಮೊಮ್ಮಗ ಬರೆಯುವುದು ಅಭಿನಂದನ ಗ್ರಂಥವನ್ನೇ.

ಮುಂದಿನ ಸಂಚಿಕೆಯ ವಸ್ತು: ಯುದ್ಧದಿಂದ ಉಳಿದು ಬಂದವರು.

ಓದುಗರೇ, ಮನೆಯ ಹಿರಿಯರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಅವರ ಪಕ್ಕ ಕುಳಿತು ಕೇಳಿ, ಟ್ರಂಕಿನಲ್ಲಿರುವ ಕಾಗದಗಳೊಂದಿಗೆ ತಾಳೆ ನೋಡಿ, ಬರೆದು ಕಳಿಸಿ. ಅವರು ಯಾರನ್ನು ಬಿಟ್ಟು ಬಂದರೆಂಬ ಸಾಲನ್ನು ಮಾತ್ರ ಮನೆತನದ ಮರ್ಯಾದೆಗೆ ಅಂಜಿ ಹೊಡೆದುಹಾಕಬೇಡಿ.