ಪಾರ್ಕಿಗಿಂತ ಮೊದಲು ನೀರು
ಬಳ್ಳಾರಿಯ ಆರ್ಥಿಕ ಪುನಶ್ಚೇತನದ ಮಾತೆತ್ತಿದರೆ ಎಲ್ಲರ ಬಾಯಲ್ಲೂ ಜೀನ್ಸ್ ಪಾರ್ಕ್. 2023ರ ಚುನಾವಣಾ ಪ್ರಚಾರದಲ್ಲಿ ರಾಹುಲ್ ಗಾಂಧಿ ಕೊಟ್ಟ ಭರವಸೆಯೂ ಅದೇ. ಆದರೆ ಇಲ್ಲಿನ ಜೀನ್ಸ್ ಉದ್ಯಮಕ್ಕೆ ಹೊಸ ಜಾಗಕ್ಕಿಂತ ತುರ್ತಾಗಿ ಬೇಕಿರುವುದು ನೀರು ಮತ್ತು ಚರಂಡಿ. ಆ ಕೆಲಸ ಶುರುವಾಗಬೇಕಾದದ್ದು ಮಹಾನಗರ ಪಾಲಿಕೆಯಲ್ಲಿ. ಇಲ್ಲಿ ಪ್ಯಾಂಟ್ ಒಂದೇ ಸೂರಿನಡಿ ತಯಾರಾಗುವುದಿಲ್ಲ: ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ದಾರ ಕತ್ತರಿಸುವುದು ಮನೆಗಳಲ್ಲಿ, ವಾಷಿಂಗ್ ಮತ್ತೆಲ್ಲೋ. ವಾಷಿಂಗ್ ನಿಂತರೆ ಮನೆಯಲ್ಲೇ ದುಡಿಯುವ ಹೆಂಗಸರ ಕೂಲಿಯೂ ನಿಲ್ಲುತ್ತದೆ. 2024ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ವಾಷಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿದಾಗ ಎದುರಾದದ್ದು ಇದೇ ಭಯ. ಮಂಡಳಿ ಮಾಡಿದ್ದು ತಪ್ಪಲ್ಲ. ಬಣ್ಣದ ನೀರನ್ನು ಹಾಗೇ ಹರಿಯಬಿಡುವುದನ್ನು ಉದ್ಯೋಗದ ಹೆಸರಲ್ಲೂ ಒಪ್ಪಲಾಗದು. ಆದರೆ ಸಣ್ಣ ಘಟಕದ ಮಾಲೀಕ ಒಬ್ಬನೇ ಶುದ್ಧೀಕರಣ ಘಟಕ ಕಟ್ಟಿ ನಡೆಸಲಾರ. ಎಲ್ಲರಿಗೂ ಸೇರಿ ಒಂದು ಬೇಕು. ಪಾಲಿಕೆಗೆ ಅಧಿಕಾರವೆಲ್ಲಿ, ಹಣವೆಲ್ಲಿ ಎಂಬ ಆಕ್ಷೇಪ ಸಹಜ. ಸಂವಿಧಾನದ 12ನೇ ಅನುಸೂಚಿ ಆರ್ಥಿಕ ಅಭಿವೃದ್ಧಿಯ ಯೋಜನೆಯನ್ನು ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳಲ್ಲೇ ಸೇರಿಸಿದೆ. ಹಣಕ್ಕೆ, 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ. ಕುಡಿಯುವ ನೀರು, ಮಾಲಿನ್ಯ ನಿಯಂತ್ರಣ ಅದರ ಮೊದಲ ಆದ್ಯತೆಗಳಲ್ಲಿವೆ. ಅದಿರು ತೆಗೆದು ನೆಲ ಕೆಡಿಸಿದ್ದಕ್ಕೆ ಬಂದ ದುಡ್ಡದು. ದೀಪದ ಕಂಬ, ವೃತ್ತದ ಅಲಂಕಾರಕ್ಕೆ ಕರಗಬಾರದು. ಪಾಲಿಕೆಯ ಸದಸ್ಯರು ವಾರ್ಡಿನ ರಸ್ತೆಗಾಗಿ ಪಟ್ಟು ಹಿಡಿಯುವಷ್ಟೇ ಗಟ್ಟಿಯಾಗಿ ಈ ಸಾಮೂಹಿಕ ಶುದ್ಧೀಕರಣ ಘಟಕದ ಯೋಜನಾ ವರದಿ ಸಿದ್ಧಪಡಿಸಿ, ಬಜೆಟ್ ಸಭೆಯಲ್ಲಿಟ್ಟು, ಪ್ರತಿಷ್ಠಾನದ ಮುಂದೆ ಹಕ್ಕಿನಿಂದ ಕೇಳಲಿ.