ವಿಧೇಯತೆ, ವಿಶ್ವಾಸ ಮತ್ತು ಒಂದು ಗುಳಿಗೆ

ಕಳೆದ ತಿಂಗಳು ಒಂದು ರಾತ್ರಿ ಹತ್ತು ಗಂಟೆ ಮೀರಿದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಹೆಸರು, ಊರು ಬೇಡ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮೊದಲ ಬೆಂಚಿನಲ್ಲಿ ಕುಳಿತು, ನಾನು ಬೋರ್ಡಿನ ಮೇಲೆ ಅವಸರದಲ್ಲಿ ಬಿಟ್ಟ ಒತ್ತಕ್ಷರಗಳನ್ನು ತೋರಿಸಿಕೊಡುತ್ತಿದ್ದ ಹುಡುಗಿ ಈಗ ಎರಡು ಮಕ್ಕಳ ತಾಯಿ. ಎರಡನೆಯ ಹೆರಿಗೆಯ ನಂತರ ಅವಳಿಗೆ ನಿದ್ದೆ ಹೋಗಿದೆ, ಮಗುವನ್ನು ಎತ್ತಿಕೊಂಡರೂ ಮನಸ್ಸಿನಲ್ಲಿ ಏನೂ ಅನಿಸುವುದಿಲ್ಲ. ವೈದ್ಯರು ಖಿನ್ನತೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟಿದ್ದರು. ಇದನ್ನು ಅವಳು ಪ್ರಾರ್ಥನಾಕೂಟದಲ್ಲಿ ಹೇಳಿಕೊಂಡಾಗ ಹಿರಿಯರೊಬ್ಬರು, "ನಿನ್ನ ಬದುಕಿನಲ್ಲಿ ಎಲ್ಲಿಯೋ ಅವಿಧೇಯತೆ ಇದೆ, ಅದನ್ನು ಮೊದಲು ಹುಡುಕು. ವಿಶ್ವಾಸವಿದ್ದವರಿಗೆ ಇಂಥ ಗುಳಿಗೆ ಬೇಕಿಲ್ಲ" ಎಂದರಂತೆ. ಅವಳು ಗುಳಿಗೆ ಬಿಟ್ಟಳು. ಮೂರು ವಾರಗಳ ಮೇಲೆ ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಸರ್, ನಾನು ದೇವರಿಗೆ ಅವಿಧೇಯಳೇನ್ರಿ?"

ನಾನು ಆ ಹೊತ್ತಿಗೆ ಸರಿಯಾಗಿ ಉತ್ತರಿಸಲಿಲ್ಲ. "ಇಲ್ಲಮ್ಮ, ನಾಳೆಯೇ ವೈದ್ಯರ ಬಳಿ ಹೋಗು" ಎಂದೆ. ಮುವ್ವತ್ತು ವರ್ಷ ಪಾಠ ಹೇಳಿದವನಿಗೆ ಅದಕ್ಕಿಂತ ಹೆಚ್ಚಿನ ಮಾತು ಹೊರಡಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಓದುಗರಲ್ಲಿ ಅನೇಕರು ಕ್ರೈಸ್ತರಲ್ಲ. ಅವರಿಗಾಗಿ ಒಂದು ಮಾತು. ನಮ್ಮ ಮನೆಗಳಲ್ಲಿ 'ವಿಧೇಯತೆ' ಎಂಬುದು ಬಹಳ ತೂಕದ ಶಬ್ದ. ಬಾಲ್ಯದಿಂದ ರವಿವಾರದ ಶಾಲೆಯಲ್ಲಿ ಅದನ್ನು ಕೇಳುತ್ತಲೇ ಬೆಳೆಯುತ್ತೇವೆ. ಅಬ್ರಹಾಮನು ವಿಧೇಯನಾದ, ಯೋನನು ಅವಿಧೇಯನಾಗಿ ಮೀನಿನ ಹೊಟ್ಟೆ ಸೇರಿದ. ನಾನೂ ಆ ಶಬ್ದದ ಮೇಲೆ ಬೇಸರಗೊಂಡವನಲ್ಲ. ಅದರಿಂದ ನನಗೆ ಒಳಿತಾಗಿದೆ. ಆದರೆ ಅದನ್ನು ನೊಂದವರ ಮೇಲೆ ಬೆತ್ತದಂತೆ ಬೀಸುವುದನ್ನು ಕಂಡಾಗ ಸುಮ್ಮನಿರಲು ಆಗುವುದಿಲ್ಲ.

ನಾವು ಹೈಸ್ಕೂಲಿನಲ್ಲಿ ಓದುವಾಗ ಇಂಗ್ಲಿಷ್ ಪಠ್ಯದಲ್ಲಿ ವಿಲಿಯಂ ಕೂಪರ್ ಬರೆದ ಪದ್ಯವೊಂದಿತ್ತು. ನಿರ್ಜನ ದ್ವೀಪದಲ್ಲಿ ಒಂಟಿಯಾದ ಅಲೆಕ್ಸಾಂಡರ್ ಸೆಲ್ಕರ್ಕ್ ಎಂಬ ನಾವಿಕನ ಪದ್ಯ. ನಮ್ಮ ಮೇಷ್ಟ್ರು ಕವಿಯ ಹೆಸರನ್ನು 'ಕೌಪರ್' ಎಂದೇ ಹೇಳಿಕೊಟ್ಟರು, ನಾನೂ ಹಲವು ವರ್ಷ ಹಾಗೆಯೇ ಹೇಳಿಕೊಟ್ಟೆ. (ಆ ತಪ್ಪಿಗೆ ನನ್ನ ಮೊದಲ ಬ್ಯಾಚಿನವರಲ್ಲಿ ಕ್ಷಮೆ ಕೋರುತ್ತೇನೆ.) ಕುದುರೆ ಹಿಡಿತ ತಪ್ಪಿ ಊರೂರು ಓಡುವ ಜಾನ್ ಗಿಲ್ಪಿನ್‌ನ ನಗೆಪದ್ಯವೂ ಅವನದೇ, 1782ರದು. ಇಷ್ಟು ನಗಿಸಿದ ಕವಿ ತನ್ನನ್ನು ದೇವರು ಶಾಶ್ವತವಾಗಿ ತಳ್ಳಿಬಿಟ್ಟಿದ್ದಾನೆಂದು ನಂಬಿ ಬದುಕಿದವನೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಕೂಪರ್ ಹುಟ್ಟಿದ್ದು 1731ರಲ್ಲಿ. ಆರು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. 1763ರಲ್ಲಿ ಲಂಡನ್ನಿನಲ್ಲಿ ಒಂದು ಹುದ್ದೆಗೆ ಪರೀಕ್ಷೆ ಎದುರಿಸಬೇಕಾಗಿ ಬಂದಾಗ ಮನಸ್ಸು ಮುರಿದು ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಸೇಂಟ್ ಆಲ್ಬನ್ಸ್ ಎಂಬಲ್ಲಿ ಡಾ. ನಥಾನಿಯಲ್ ಕಾಟನ್ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ ಚೇತರಿಸಿಕೊಂಡ, ಅಲ್ಲಿಯೇ ಕ್ರಿಸ್ತನಲ್ಲಿ ದೃಢವಾದ ವಿಶ್ವಾಸಕ್ಕೂ ಬಂದ. ಮುಂದೆ ಮೇರಿ ಅನ್ವಿನ್ ಎಂಬ ವಿಧವೆಯ ಕುಟುಂಬದೊಡನೆ 1767ರಲ್ಲಿ ಓಲ್ನಿ ಎಂಬ ಊರಿಗೆ ಬಂದು ನೆಲೆಸಿದ. ಅಲ್ಲಿನ ಸಭಾಪಾಲಕ ಜಾನ್ ನ್ಯೂಟನ್. ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು, ಬಳಿಕ 'ಅಮೇಜಿಂಗ್ ಗ್ರೇಸ್' ಬರೆದವನು. ಇವರಿಬ್ಬರ ಗೀತೆಗಳ ಸಂಕಲನ 'ಓಲ್ನಿ ಹಿಮ್ಸ್' 1779ರಲ್ಲಿ ಹೊರಬಂದಿತು. ಅದರಲ್ಲಿ ಕೂಪರನ ಗೀತೆಗಳು ಅರವತ್ತಕ್ಕೂ ಹೆಚ್ಚು. ಇಂಗ್ಲಿಷ್ ಆರಾಧನೆ ನಡೆಯುವ ಕಡೆ ಅವನ್ನು ಇಂದಿಗೂ ಹಾಡುತ್ತಾರೆ.

ಆದರೆ ಸಂಕಲನ ಹೊರಬರುವ ಆರು ವರ್ಷ ಮೊದಲೇ, 1773ರಲ್ಲಿ, ಅವನ ಕಾಯಿಲೆ ಮತ್ತೆ ಮರಳಿತ್ತು. ಈ ಸಲ ಅದು ಭಕ್ತಿಯ ವೇಷದಲ್ಲಿಯೇ ಬಂದಿತು. ಅಬ್ರಹಾಮನಿಂದ ಮಗನನ್ನು ಕೇಳಿದ ದೇವರು ತನ್ನಿಂದ ತನ್ನ ಪ್ರಾಣವನ್ನೇ ಬಲಿಯಾಗಿ ಕೇಳುತ್ತಿದ್ದಾನೆ ಎಂದು ಅವನಿಗೆ ಖಚಿತವಾಯಿತು. ಯತ್ನಿಸಿದ, ಉಳಿದುಕೊಂಡ. ಬಳಿಕ, ಆಜ್ಞೆಯನ್ನು ಮೀರಿದ ಅವಿಧೇಯನಾದ್ದರಿಂದ ತನಗೆ ಇನ್ನು ಕ್ಷಮೆಯಿಲ್ಲವೆಂದು ನಂಬಿದ. ಅಲ್ಲಿಂದ ಮುಂದೆ ಸಾಯುವವರೆಗೂ, ಅಂದರೆ 1800ರವರೆಗೂ, ಅವನು ಆರಾಧನೆಗೆ ಚರ್ಚಿನ ಒಳಗೆ ಹೋಗಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ನಿಂತಿದ್ದೆ. ವಿಧೇಯತೆ ಎಂಬ ಒಳ್ಳೆಯ ಶಬ್ದವೇ ರೋಗಿಯ ಕಿವಿಯಲ್ಲಿ ಎಷ್ಟು ಕ್ರೂರವಾಗಬಲ್ಲುದು ನೋಡಿ. ಅಬ್ರಹಾಮನ ಕಥೆಯಲ್ಲಿ ಎತ್ತಿದ ಕೈಯನ್ನು ದೇವದೂತನು ತಡೆಯುತ್ತಾನೆ, ಮಗು ಬದುಕುತ್ತದೆ. ಆ ಭಾಗವೇ ಕೂಪರನಿಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸಿದ ಧ್ವನಿ ದೇವರದ್ದಲ್ಲ, ಕಾಯಿಲೆಯದು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಆಗ ನ್ಯೂಟನ್ ಮಾಡಿದ್ದೇನು? ಉಪದೇಶಕ್ಕೇನೂ ಕೊರತೆಯಿದ್ದ ಮನುಷ್ಯನಲ್ಲ. ಆದರೂ ಅವನು ಕೂಪರನನ್ನು ತನ್ನ ಮನೆಯಲ್ಲಿಯೇ ಒಂದು ವರ್ಷಕ್ಕೂ ಮಿಕ್ಕಿ ಇರಿಸಿಕೊಂಡ. ಮೇರಿ ಅನ್ವಿನ್ ಹಗಲಿರುಳು ಜೊತೆಗಿದ್ದು ನೋಡಿಕೊಂಡಳು. 1774ರಲ್ಲಿ ಯಾರೋ ಕೂಪರನಿಗೆ ಮೊಲಗಳನ್ನು ತಂದುಕೊಟ್ಟರು. ಅವನು ಅವುಗಳಿಗೆ ಗೂಡು ಮಾಡಿದ, ಮೇವು ಹಾಕಿದ, ಹೆಸರಿಟ್ಟ. ಮರಗೆಲಸ ಕಲಿತ, ತೋಟ ಮಾಡಿದ. ಆಮೇಲೆ ಮತ್ತೆ ಪದ್ಯ. 1785ರಲ್ಲಿ ದೀರ್ಘಕಾವ್ಯ 'ದಿ ಟಾಸ್ಕ್', 1791ರಲ್ಲಿ ಹೋಮರನ ಅನುವಾದ. ಮನಸ್ಸಿನ ಕತ್ತಲೆ ಹೋಗಲಿಲ್ಲ. ಆದರೂ 1773ರ ಮೇಲೆ ಇಪ್ಪತ್ತಾರು ವರ್ಷ ಬದುಕಿದ. ತಾನು ಅವಿಧೇಯನೆಂದು ನಂಬಿದ್ದ ಆ ಮನುಷ್ಯ ದಿನವೂ ಎದ್ದು ಮೊಲಕ್ಕೆ ಮೇವು ಹಾಕಿದನಲ್ಲ, ನನ್ನ ಲೆಕ್ಕದಲ್ಲಿ ಅದೇ ವಿಧೇಯತೆ. ದೇವತಾಶಾಸ್ತ್ರ ಬಲ್ಲವರು ಒಪ್ಪದಿರಬಹುದು.

ಇನ್ನು ನನ್ನ ವಿಷಯ. 2017ರಲ್ಲಿ ನನ್ನ ಪತ್ನಿ ತೀರಿಕೊಂಡದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮಣ್ಣಿಗೆ ಬಂದವರು ನನ್ನ ಧೈರ್ಯವನ್ನು ಹೊಗಳಿ ಹೋದರು. ನಾಲ್ಕು ತಿಂಗಳಾದ ಮೇಲೆ ಆದದ್ದು ನಿಮಗೆ ಗೊತ್ತಿಲ್ಲ. ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ. ಸತ್ಯವೇದ ತೆರೆದರೆ ಅಕ್ಷರಗಳು ಕಾಣುತ್ತಿದ್ದವು, ಅರ್ಥ ಬರುತ್ತಿರಲಿಲ್ಲ. ತರಗತಿಯಲ್ಲಿ ಒಮ್ಮೆ ಹಾಜರಿ ಕೂಗುತ್ತ ಅರ್ಧಕ್ಕೆ ನಿಲ್ಲಿಸಿದ್ದೆ. ಮಕ್ಕಳು ಕಾದು ಕಾದು ಕೊನೆಗೆ ತಾವೇ ಉಳಿದ ಹೆಸರುಗಳನ್ನು ಹೇಳಿದರು. ಧಾರವಾಡದ ಮನೋವೈದ್ಯರು ಕೊಟ್ಟ ಗುಳಿಗೆಯನ್ನು ನಾನು ಎರಡು ವಾರ ನುಂಗಲಿಲ್ಲ. ಕಾರಣ ಬೇರೆಯವರಲ್ಲ, ನಾನೇ. ಊರಿಗೆಲ್ಲ ವಿಶ್ವಾಸದ ಮಾತು ಹೇಳುವವನು ಮನಸ್ಸಿಗೆ ಔಷಧ ತೆಗೆದುಕೊಳ್ಳುವುದೇ ಎಂಬ ಹಮ್ಮು. ಅದಕ್ಕೆ ವಿಶ್ವಾಸವೆಂದು ಹೆಸರಿಟ್ಟುಕೊಂಡಿದ್ದೆ.

ನನ್ನ ತಂಗಿಯ ಮಗಳು ಆಗ ಪಿ.ಯು.ಸಿ. ಓದುತ್ತ ನಮ್ಮ ಮನೆಯಲ್ಲಿದ್ದಳು. ಒಂದು ರಾತ್ರಿ ತಾಟಿನ ಪಕ್ಕದಲ್ಲಿ ಗುಳಿಗೆಯನ್ನೂ ನೀರನ್ನೂ ಇಟ್ಟು, "ಮಾಮಾ, ಬಿ.ಪಿ. ಗುಳಿಗಿ ನುಂಗೂ ಮುಂದ ಅಡ್ಡ ಬರಲಾರದ ವಿಶ್ವಾಸ ಇದಕ್ಕ ಯಾಕ ಅಡ್ಡ ಬರತೈತ್ರಿ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನುಂಗಿದೆ.

ಆಗ ನೆನಪಾದದ್ದು ಸತ್ಯವೇದದ ಎರಡನೆಯ ಅರಸುಗಳ ಪುಸ್ತಕದಲ್ಲಿ ಬರುವ ನಾಮಾನನ ಕಥೆ. ಅವನು ಅರಾಮ್ ದೇಶದ ಸೇನಾಪತಿ, ಕುಷ್ಠರೋಗಿ. ಸೆರೆಯಾಗಿ ಬಂದು ಅವನ ಮನೆಯಲ್ಲಿ ಕೆಲಸಕ್ಕಿದ್ದ ಪುಟ್ಟ ಹುಡುಗಿಯ ಮಾತು ಕೇಳಿ ಪ್ರವಾದಿ ಎಲೀಷನ ಬಾಗಿಲಿಗೆ ಹೋಗುತ್ತಾನೆ. ಎಲೀಷನು ಹೊರಗೂ ಬರದೆ, ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಲು ಹೇಳಿ ಕಳಿಸುತ್ತಾನೆ. ಸೇನಾಪತಿಗೆ ಸಿಟ್ಟು ಬರುತ್ತದೆ. ನಮ್ಮೂರಿನಲ್ಲಿ ಇದಕ್ಕಿಂತ ಒಳ್ಳೆಯ ನದಿಗಳಿಲ್ಲವೇ ಎನ್ನುತ್ತಾನೆ. ದೊಡ್ಡದೇನನ್ನಾದರೂ ಮಾಡಲು ಹೇಳಿದ್ದರೆ ಮಾಡುತ್ತಿದ್ದಿರಲ್ಲವೇ, ಇಷ್ಟು ಸಣ್ಣದನ್ನು ಏಕೆ ಮಾಡಬಾರದು ಎಂದು ಸೇವಕರು ತಿಳಿಹೇಳುತ್ತಾರೆ. ನನಗೂ ಉಪವಾಸ, ಅಹೋರಾತ್ರಿ ಪ್ರಾರ್ಥನೆ ಎಂದರೆ ಹಮ್ಮಿಗೆ ಹಿತವಾಗುತ್ತಿತ್ತು. ಊಟದ ನಂತರ ಒಂದು ಬಿಳಿ ಗುಳಿಗೆ, ಅದೂ ಹದಿನೇಳು ವರ್ಷದ ಹುಡುಗಿಯ ಮಾತಿನ ಮೇರೆಗೆ, ಬಹಳ ಸಣ್ಣದಾಯಿತು.

ಗುಳಿಗೆಯಿಂದ ಒಂದೇ ದಿನಕ್ಕೆ ಏನೂ ಆಗಲಿಲ್ಲ. ಒಂದೂವರೆ ತಿಂಗಳು ಹಿಡಿಯಿತು. ಮೊದಲು ನಿದ್ದೆ ಬಂತು. ಪ್ರಾರ್ಥಿಸಲು ಮನಸ್ಸು ಮರಳಿದ್ದು ಅದರ ಎಷ್ಟೋ ದಿನಗಳ ಮೇಲೆ.

ಭಾಷೆಯ ಮೇಷ್ಟ್ರಾಗಿ ಇನ್ನೊಂದು ಮಾತು ಹೇಳಲೇಬೇಕು. ಕನ್ನಡದ 'ಕೇಳು' ಎಂಬ ಕ್ರಿಯಾಪದವನ್ನು ಗಮನಿಸಿದ್ದೀರಾ? ಕಿವಿಗೊಡುವುದೂ ಕೇಳುವುದೇ, ಹಿರಿಯರ ಮಾತಿನಂತೆ ನಡೆಯುವುದೂ ಕೇಳುವುದೇ, ಪ್ರಶ್ನಿಸುವುದೂ ಬೇಡುವುದೂ ಕೇಳುವುದೇ. ಗೆತ್ಸೇಮನೆಯ ತೋಟದಲ್ಲಿ ಯೇಸುಸ್ವಾಮಿಯೂ ಆ ಪಾತ್ರೆಯನ್ನು ತನ್ನಿಂದ ತೊಲಗಿಸೆಂದು ಮೊದಲು ಕೇಳಿಕೊಂಡನು, ಆಮೇಲೆ ತಂದೆಯ ಚಿತ್ತಕ್ಕೆ ಒಪ್ಪಿಸಿಕೊಂಡನು. 88ನೆಯ ಕೀರ್ತನೆಯಂತೂ ದೇವರನ್ನು ಪ್ರಶ್ನಿಸುತ್ತಲೇ ಹೋಗಿ, ಸಮಾಧಾನದ ಒಂದು ನುಡಿಯೂ ಇಲ್ಲದೆ ಕತ್ತಲೆಯಲ್ಲಿ ಮುಗಿಯುತ್ತದೆ. ಅದನ್ನೂ ಸತ್ಯವೇದದಿಂದ ಯಾರೂ ತೆಗೆದುಹಾಕಿಲ್ಲ. ಹೀಗಿರುವಾಗ, ಹತ್ತು ಗಂಟೆಯ ರಾತ್ರಿ ಪ್ರಶ್ನೆ ಕೇಳಿದ ಹುಡುಗಿಯನ್ನು ಅವಿಧೇಯಳೆಂದು ಕರೆಯುವುದು ಹೇಗೆ?

ಆ ಹಿರಿಯರ ಬಗ್ಗೆ ನನಗೆ ದ್ವೇಷವಿಲ್ಲ. ಒಳ್ಳೆಯದಾಗಲೆಂದೇ ಹೇಳಿದ್ದಾರೆ. ಆದರೆ ತಮ್ಮ ಮನೆಯಲ್ಲಿ ಯಾರದಾದರೂ ಕಾಲು ಮುರಿದಾಗ ಅವರು ಪ್ರಾರ್ಥಿಸಿದ್ದರು, ಮೂಳೆ ವೈದ್ಯರ ಬಳಿಗೂ ಕರೆದೊಯ್ದಿದ್ದರು ಎಂಬುದನ್ನು ನೆನಪಿಸಿಕೊಳ್ಳಲಿ. ಸಭೆಯ ಹಿರಿತನದಲ್ಲಿರುವ ನನ್ನ ಬಂಧುಗಳಿಗೂ ಇದೇ ವಿನಂತಿ. ಅಂಥವರು ಬಂದಾಗ ಅವರ ಪಾಪಗಳ ಪಟ್ಟಿ ಮಾಡಬೇಡಿ, ಒಂದು ಹೊತ್ತಿನ ಊಟ ಕಳಿಸಿ, ಮಕ್ಕಳನ್ನು ಎರಡು ತಾಸು ನೋಡಿಕೊಳ್ಳಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. 2022ರಿಂದ ನಡೆಯುತ್ತಿದೆ, ಕನ್ನಡದಲ್ಲಿಯೂ ಮಾತಾಡುತ್ತಾರೆ.

ಮೊನ್ನೆ ಆಕೆ ಮತ್ತೆ ಫೋನ್ ಮಾಡಿದ್ದಳು. ವೈದ್ಯರ ಬಳಿ ಹೋಗಿ ಬಂದಿದ್ದಾಳೆ, ಗುಳಿಗೆ ಮತ್ತೆ ಆರಂಭವಾಗಿದೆ. "ಇನ್ನೂ ಅಷ್ಟೇನೂ ವ್ಯತ್ಯಾಸ ಕಾಣವಲ್ದು ಸರ್" ಎಂದಳು. ಅಷ್ಟರಲ್ಲಿ ಹಿಂದೆ ಮಗು ಅಳುವುದು ಕೇಳಿಸಿತು. "ಹಾಲು ಕಾಸಬೇಕ್ರಿ, ಆಮೇಲೆ ಮಾಡತೀನಿ" ಎಂದು ಫೋನ್ ಇಟ್ಟಳು.